ಯೇಟ್ಸ್, ಹೀನಿ ಇಬ್ಬರನ್ನೂ ಬ್ರಿಟಿಷರಿಗೆ ಕೊಟ್ಟುಬಿಟ್ಟಿರಲ್ಲ!

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ನಿಮ್ಮ ಪುರವಣಿಯಲ್ಲಿ ಕನ್ನಡಕ್ಕೆ ಅನುವಾದವಾದ ಇಂಗ್ಲಿಷ್ ಕವಿತೆಗಳ ಬಗ್ಗೆ ಒಂದು ಲೇಖನ ಬಂದಿತ್ತು. ಲೇಖನ ಚೆನ್ನಾಗಿತ್ತು. ತಕರಾರು ಇರುವುದು ಫೋಟೋದ ಕೆಳಗಿನ ಸಾಲಿನ ಬಗ್ಗೆ. ‘ಬ್ರಿಟಿಷ್ ಕವಿಗಳಾದ ಡಬ್ಲ್ಯು.ಬಿ. ಯೇಟ್ಸ್ ಮತ್ತು ಷೇಮಸ್ ಹೀನಿ’ ಅಂತ ಹಾಕಿದ್ದೀರಿ. ಓದಿದವಳೇ ಕಾಫಿ ಲೋಟ ಕೆಳಗಿಟ್ಟೆ. ‘ಏನಾಯ್ತೇ?’ ಅಂದರು ನಮ್ಮವರು. ‘ಇಬ್ಬರನ್ನೂ ಬ್ರಿಟಿಷರಿಗೆ ಕೊಟ್ಟುಬಿಟ್ಟಿದ್ದಾರೆ’ ಅಂದೆ. ಯಾವುದೋ ಜಮೀನು ವ್ಯವಹಾರ ಅಂದುಕೊಂಡು ಅವರು ಮತ್ತೆ ಪೇಪರಿಗೆ ಮುಖ ಹಾಕಿದರು.

ಯೇಟ್ಸ್ 1865ರಲ್ಲಿ ಡಬ್ಲಿನ್‌ನಲ್ಲಿ ಹುಟ್ಟಿದಾಗ ಐರ್ಲೆಂಡ್ ಬ್ರಿಟನ್ನಿನ ಆಳ್ವಿಕೆಯಲ್ಲೇ ಇತ್ತಲ್ಲ ಅಂತ ನೀವು ಕೇಳಬಹುದು. ಇತ್ತು. ಆ ಲೆಕ್ಕ ಹಿಡಿದರೆ 1896ರಲ್ಲಿ ಧಾರವಾಡದಲ್ಲಿ ಹುಟ್ಟಿದ ಬೇಂದ್ರೆಯವರನ್ನೂ ಬ್ರಿಟಿಷ್ ಕವಿ ಅನ್ನಬೇಕಾಗುತ್ತದೆ. ಬರೆದು ನೋಡಿ, ಧಾರವಾಡದಿಂದ ಎಷ್ಟು ಪತ್ರ ಬರುತ್ತವೆ ಅಂತ! ಇನ್ನು ಹೀನಿ ವಿಷಯಕ್ಕೆ ಬಂದರೆ, ಈ ತಪ್ಪನ್ನು ಸ್ವತಃ ಅವರೇ ಒಮ್ಮೆ ತಿದ್ದಿದ್ದಾರೆ. 1982ರಲ್ಲಿ ಬ್ರಿಟಿಷ್ ಕವಿತೆಗಳ ಸಂಕಲನವೊಂದರಲ್ಲಿ ಅವರ ಕವಿತೆಗಳು ಸೇರಿದ್ದವು. ಮರುವರ್ಷ ಅವರು ಪದ್ಯದಲ್ಲೇ ಒಂದು ಬಹಿರಂಗ ಪತ್ರ ಬರೆದು, ನನ್ನ ಪಾಸ್‌ಪೋರ್ಟಿನ ಬಣ್ಣ ಹಸಿರು ಕಣ್ರೀ, ನಮ್ಮ ಮನೆಯಲ್ಲಿ ಯಾರೂ ರಾಣಿಯ ಹೆಸರಲ್ಲಿ ಲೋಟ ಎತ್ತಿದವರಲ್ಲ, ಅಂದರು. ಆಗ ಹಸಿರು ಅಂದರೆ ಐರ್ಲೆಂಡಿನ ಪಾಸ್‌ಪೋರ್ಟು. ಜಗಳ ಆಡುವಾಗಲೂ ಪ್ರಾಸ ಬಿಡಲಿಲ್ಲ. ಐರಿಷ್ ನಾಟಕಕಾರ ಸ್ಯಾಮ್ಯುಯೆಲ್ ಬೆಕೆಟ್ ಇನ್ನೂ ಚುಟುಕು. ಫ್ರೆಂಚ್ ಪತ್ರಕರ್ತರೊಬ್ಬರು ‘ನೀವು ಇಂಗ್ಲಿಷರಾ?’ ಅಂತ ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ಎರಡೇ ಪದ: ‘ಓ ಕಾಂಟ್ರೇರ್.’ ಅಂದರೆ, ‘ತದ್ವಿರುದ್ಧ.’

ಇಷ್ಟಕ್ಕೇ ಪತ್ರ ಮುಗಿಸಬಹುದಿತ್ತು. ಆದರೆ ಹೇಳಬೇಕಾದ್ದು ಇನ್ನೂ ಇದೆ, ಸ್ವಲ್ಪ ಉದ್ದವಾಗುತ್ತದೆ. ಕತ್ತರಿ ಹಾಕುವುದಾದರೆ ಕೊನೆಯ ಪ್ಯಾರಾ ಒಂದನ್ನು ಉಳಿಸಿ.

ನಾನು ತೀರ್ಥಹಳ್ಳಿಯವಳು. 31 ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತಳಾದೆ. ಮಗಳು ಐರ್ಲೆಂಡಿನ ಕಾರ್ಕ್ ಊರಲ್ಲಿ ನರ್ಸ್. ಬಾಣಂತನಕ್ಕೆ ಅಂತ ಹೋದವಳು ಅಲ್ಲಿ ಐದು ತಿಂಗಳು ಇದ್ದೆ. ಹೋಗುವ ಮೊದಲು ನಾನೂ ನಿಮ್ಮ ಹಾಗೆಯೇ. ಗೋಲ್ಡ್‌ಸ್ಮಿತ್ ಬರೆದ ಆ ಹಳ್ಳಿ ಮೇಷ್ಟ್ರ ಪದ್ಯ ನೆನಪಿದೆಯಾ? ಅಷ್ಟು ಪುಟ್ಟ ತಲೆಯಲ್ಲಿ ಇಷ್ಟೆಲ್ಲ ವಿದ್ಯೆ ಹೇಗೆ ಹಿಡಿಸಿತಪ್ಪಾ ಅಂತ ಊರವರು ಬೆರಗಾಗುವ ಪದ್ಯ. ಎಷ್ಟೋ ವರ್ಷ ಅದನ್ನು ಪಾಠ ಮಾಡಿದೆ. ಕವಿ ಬೆಳೆದದ್ದು ಐರ್ಲೆಂಡಿನ ಲಿಸೋಯ್ ಎಂಬ ಹಳ್ಳಿಯಲ್ಲಿ ಅಂತ ಒಂದು ದಿನವೂ ಹೇಳಲಿಲ್ಲ. ಗೊತ್ತಿದ್ದರೆ ತಾನೇ ಹೇಳುವುದು! ಸ್ವಿಫ್ಟ್, ಶೆರಿಡನ್, ವೈಲ್ಡ್, ಷಾ ಎಲ್ಲರೂ ನನ್ನ ಬೋರ್ಡಿನ ಮೇಲೆ ಇಂಗ್ಲಿಷ್ ಲೇಖಕರೇ. ನಾಲ್ವರೂ ಡಬ್ಲಿನ್‌ನಲ್ಲಿ ಹುಟ್ಟಿದವರು.

ಕಾರ್ಕ್‌ನಲ್ಲಿ ಇಳಿದ ಮಾರನೆಯ ದಿನ ಜಿಟಿಜಿಟಿ ಮಳೆ. ನಮ್ಮ ಮಲೆನಾಡಿನವರಿಗೆ ಮಳೆ ಏನು ಹೊಸದಾ? ಛತ್ರಿ ಹಿಡಿದು ಗೇಟಿನ ಹತ್ತಿರ ನಿಂತಿದ್ದೆ. ಪಕ್ಕದ ಮನೆಯ ಅಜ್ಜಿ ಹೊರಗೆ ಬಂದು ಆಕಾಶ ನೋಡಿ, ‘ಎ ಸಾಫ್ಟ್ ಡೇ, ಥ್ಯಾಂಕ್ ಗಾಡ್’ ಅಂದರು. ಮೆತ್ತನೆಯ ದಿನ, ದೇವರ ದಯ! ಚಳಿಗೆ ಕೈ ಮರಗಟ್ಟುತ್ತಿದೆ, ಇವರು ದೇವರಿಗೆ ಥ್ಯಾಂಕ್ಸ್ ಹೇಳುತ್ತಿದ್ದಾರೆ. ಆರಿದ್ರಾ ಮಳೆಗೂ ಪುನರ್ವಸು ಮಳೆಗೂ ಬೇರೆ ಬೇರೆ ಗಾದೆ ಇರುವ ಊರಿಂದ ಬಂದವಳು ನಾನು. ಇವರ ಜೊತೆ ಮಾತು ಕೂಡುತ್ತದೆ ಅಂತ ಆಗಲೇ ಅನ್ನಿಸಿತು.

ಆಕೆಯೂ ನಿವೃತ್ತ ಟೀಚರ್. ಪ್ರೈಮರಿ ಶಾಲೆಯಲ್ಲಿ ಐರಿಷ್ ಭಾಷೆ ಕಲಿಸಿದವರು. ಅವರು ಅದನ್ನು ಗೇಲ್ಗ ಅನ್ನುತ್ತಾರೆ. ಮೊದಲ ದಿನ ‘ಟೀ ಕುಡೀತೀರಾ?’ ಅಂದರು. ‘ಬೇಡ’ ಅಂದೆ. ‘ಸ್ವಲ್ಪ?’ ‘ಅಯ್ಯೋ ಬೇಡ, ಈಗ ತಾನೇ ಆಯ್ತು.’ ‘ಬನ್ನಿ ಬನ್ನಿ, ಒಂದು ಗುಟುಕು.’ ‘ಸರಿ, ಹಾಗಾದ್ರೆ.’ ಮಗಳು ಆಮೇಲೆ ಹೇಳಿದಳು: ಇಲ್ಲೂ ಮೊದಲ ಸಲಕ್ಕೇ ಹೂಂ ಅಂದರೆ ಮರ್ಯಾದೆ ಅಲ್ಲಮ್ಮ, ನೀನು ಸರಿಯಾಗೇ ಮಾಡಿದೀಯ. ಎಂಟು ಸಾವಿರ ಕಿಲೋಮೀಟರ್ ದೂರ ಹೋಗಿ, ಕಲಿಯದೇ ಪಾಸಾದ ಪರೀಕ್ಷೆ ಅದೊಂದೇ.

ಆ ಅಡುಗೆಮನೆಯ ಟೇಬಲ್ಲಿನ ಮೇಲೆ ನಮ್ಮಿಬ್ಬರ ಗಾದೆ ವ್ಯಾಪಾರ ಶುರುವಾಯಿತು. ಅವರು ಒಂದು ಐರಿಷ್ ಗಾದೆ ಹೇಳಿ ಇಂಗ್ಲಿಷಿನಲ್ಲಿ ಅರ್ಥ ಬಿಡಿಸಬೇಕು, ನಾನು ಅದಕ್ಕೆ ಸಾಟಿಯಾದ ಕನ್ನಡದ್ದು ಹುಡುಕಬೇಕು. ಮಗಳ ಮನೆಯಲ್ಲಿದ್ದ ಹಳೇ ಡೈರಿಯಲ್ಲಿ ಎರಡು ಕಾಲಂ ಗೀಚಿಕೊಂಡೆ. ‘ನಮ್ಮಿಂದ ದೂರದ ಬೆಟ್ಟ ಹಸಿರು’ ಅಂದರು. ಬಾಯಿ ಮುಚ್ಚುವ ಮೊದಲೇ ‘ದೂರದ ಬೆಟ್ಟ ನುಣ್ಣಗೆ’ ಅಂದೆ. ‘ಜೀರುಂಡೆಯನ್ನು ಜೀರುಂಡೆಯೇ ಗುರುತು ಹಿಡಿಯುತ್ತದೆ’ ಅಂದರು. ‘ಹಾವಿನ ಹೆಜ್ಜೆ ಹಾವೇ ಬಲ್ಲದು’ ಅಂತ ಕೊಟ್ಟೆ. ‘ಹುಟ್ಟಿದ ಗುಣ ಬೆಕ್ಕಿನ ಕಣ್ಣಲ್ಲಿ ಒಡೆದು ಬರುತ್ತದೆ’ ಅಂದಾಗ ‘ಹುಟ್ಟುಗುಣ ಸುಟ್ಟರೂ ಹೋಗದು.’ ‘ಹಸಿವೇ ಒಳ್ಳೆ ವ್ಯಂಜನ’ ಅಂದಾಗ ‘ಹಸಿವು ರುಚಿ ಅರಿಯದು.’

ಒಂದು ಗಾದೆಗೆ ಮಾತ್ರ ಸೋತೆ. ‘ಜನ ಬದುಕುವುದು ಒಬ್ಬರ ನೆರಳಲ್ಲಿ ಒಬ್ಬರು’ ಅಂತ ಅದು. ಆ ಐರಿಷ್ ಪದಕ್ಕೆ ನೆರಳು ಅನ್ನುವ ಅರ್ಥವೂ ಇದೆ, ಆಸರೆ ಅನ್ನುವ ಅರ್ಥವೂ ಇದೆ. ನೆರಳೇ ಆಸರೆ! ಬಿಸಿಲು ಅಪರೂಪವಾದ ದೇಶದಲ್ಲಿ ನೆರಳಿಗೆ ಈ ಅರ್ಥ ಹೇಗೆ ಬಂತೋ. ಗಾಳಿ ಮಳೆಗೆ ಮರೆ ಅಂತ ಇರಬೇಕು ಅನ್ನಿಸಿತು. ನನ್ನ ಕಾಲಂ ಇವತ್ತಿಗೂ ಖಾಲಿ ಇದೆ. ನಿಮ್ಮ ಓದುಗರಿಗೆ ಸಾಟಿ ಗಾದೆ ಗೊತ್ತಿದ್ದರೆ ಬರೆಯಲಿ.

ಗಾದೆ ಅಂದರೆ ಎಲ್ಲಾ ಗಂಭೀರ ಅಂದುಕೊಳ್ಳಬೇಡಿ. ‘ನಿನ್ನ ಒಲೆಯಂಥ ಒಲೆ ಇನ್ನೊಂದಿಲ್ಲ’ ಅಂತ ಅವರದೊಂದು ಪ್ರಸಿದ್ಧ ಮಾತು. ಒಲೆ ಅನ್ನುವುದಕ್ಕೆ ಅವರ ಪದ ‘ಟಿಂಟಾನ್.’ ಶಾಲೆ ಹುಡುಗರು ಅದನ್ನೇ ಕೊಂಚ ತಿರುಚಿ ‘ನಿನ್ನ ನೋಯುವ ಕುಂಡೆಯಂಥ ನೋಯುವ ಕುಂಡೆ ಇನ್ನೊಂದಿಲ್ಲ’ ಅಂತ ಮಾಡಿಕೊಂಡಿದ್ದಾರೆ. ಐರಿಷ್‌ನಲ್ಲಿ ಎರಡೂ ಕಿವಿಗೆ ಹೆಚ್ಚುಕಮ್ಮಿ ಒಂದೇ. ಇದನ್ನು ಹೇಳಿಕೊಟ್ಟಿದ್ದು ಆ 80 ದಾಟಿದ ಟೀಚರಮ್ಮನೇ. ಹೇಳಿ ಮುಗಿಸುವಷ್ಟರಲ್ಲಿ ಇಬ್ಬರಿಗೂ ನಕ್ಕು ನಕ್ಕು ಕೆಮ್ಮು. ಗಾದೆಯನ್ನು ಗಾದೆಯಿಂದಲೇ ಗೇಲಿ ಮಾಡಬೇಕಾದರೆ ಭಾಷೆ ಜೀವಂತ ಇರಬೇಕು.

ಈಗ ನನ್ನ ತಪ್ಪೊಪ್ಪಿಗೆ. ಅವರ ಭಾಷೆಯಲ್ಲಿ ‘ನನಗೆ ಹಸಿವಾಗಿದೆ’ ಅನ್ನುವುದಕ್ಕೆ ‘ತಾ ಓಕ್ರಸ್ ಓರಮ್’ ಅನ್ನುತ್ತಾರೆ. ಪದ ಪದ ಬಿಡಿಸಿದರೆ ‘ಇದೆ ಹಸಿವು ನನ್ನ ಮೇಲೆ.’ ದುಃಖವೂ ಹಾಗೇ, ಅದು ನಮ್ಮ ಮೇಲೆ ಇರುತ್ತದೆ. ‘ಐ ಹ್ಯಾವ್’ ಅನ್ನುವ ಕ್ರಿಯಾಪದ ಅವರಲ್ಲಿ ಇಲ್ಲವೇ ಇಲ್ಲ. ‘ಪುಸ್ತಕ ನನ್ನ ಹತ್ತಿರ ಇದೆ’ ಅಂತಲೇ ಹೇಳಬೇಕು. ಕೇಳುತ್ತಾ ಕೇಳುತ್ತಾ ನನಗೆ ತೊಂಬತ್ತರ ದಶಕದ ಒಬ್ಬ ಹುಡುಗ ನೆನಪಾದ. ಹತ್ತನೇ ಕ್ಲಾಸು, ಹಿಂದಿನ ಬೆಂಚು. ಪ್ರಬಂಧದಲ್ಲಿ ‘ಟು ಮೈ ಗ್ರಾಂಡ್‌ಮದರ್ ಹಂಗರ್ ಈಸ್ ಕಮಿಂಗ್ ಅಟ್ ಫೋರ್ ಓ ಕ್ಲಾಕ್’ ಅಂತ ಬರೆದಿದ್ದ. ಕೆಂಪು ಶಾಯಿಯಲ್ಲಿ ಗೆರೆ ಎಳೆದು ಕ್ಲಾಸಿಗೆಲ್ಲ ಓದಿ ಹೇಳಿದ್ದೆ. ಎಲ್ಲರೂ ನಕ್ಕಿದ್ದರು. ಅಜ್ಜಿ ಹಸಿವನ್ನು ಹುಡುಕಿಕೊಂಡು ಹೋಗುವುದಿಲ್ಲ, ಅದು ನಾಲ್ಕು ಗಂಟೆಗೆ ಅಜ್ಜಿಯ ಹತ್ತಿರ ಬರುತ್ತದೆ. ಹುಡುಗ ಕನ್ನಡದಲ್ಲಿ ಯೋಚಿಸಿ ಸರಿಯಾಗಿಯೇ ಬರೆದಿದ್ದ.

ತಿದ್ದದೇ ಬಿಡಬೇಕಿತ್ತು ಅಂತ ಹೇಳುತ್ತಿಲ್ಲ. ಬಿಟ್ಟಿದ್ದರೆ ಎಸ್ಸೆಸ್ಸೆಲ್ಸಿಯಲ್ಲಿ ಫೇಲಾಗುತ್ತಿದ್ದ. ಆದರೆ ಕ್ಲಾಸಿಗೆ ಓದಿ ಹೇಳಬಾರದಿತ್ತು.

ಯಾಕೆಂದರೆ ಐರಿಷರು ಮಾಡಿದ್ದು ಇದನ್ನೇ. ಪದ ಇಂಗ್ಲಿಷಿನದು, ಎಲುಬಿನ ಗೂಡು ಅವರದು. ಅವರ ಭಾಷೆಯಲ್ಲಿ ‘ಹೌದು’, ‘ಇಲ್ಲ’ ಅಂತ ಬಿಡಿ ಪದಗಳಿಲ್ಲ. ‘ಬಂದೆಯಾ?’ ಅಂದರೆ ‘ಬಂದೆ’ ಅನ್ನಬೇಕು. ಹಾಗಾಗಿ ಇಂಗ್ಲಿಷಿನಲ್ಲೂ ‘ಯೆಸ್’ ಅನ್ನುವುದು ಬಿಟ್ಟು ‘ಐ ಡಿಡ್’, ‘ಐ ಆ್ಯಮ್’ ಅನ್ನುತ್ತಾರೆ. ಈಗಷ್ಟೇ ಊಟ ಆಯ್ತು ಅನ್ನುವುದಕ್ಕೆ ‘ಐ ಆ್ಯಮ್ ಆಫ್ಟರ್ ಈಟಿಂಗ್.’ ಊಟದ ಆಚೆ ಇದೀನಿ ಅಂತ. ಒಬ್ಬರಿಗೆ ಒಂದು, ಹಲವರಿಗೆ ಇನ್ನೊಂದು ‘ನೀನು–ನೀವು’ ಬೇಕು ಅಂತ ‘ಯೀ’ ಅನ್ನುವ ಬಹುವಚನವನ್ನು ಬಿಡದೆ ಇಟ್ಟುಕೊಂಡಿದ್ದಾರೆ. ಎಲ್ಲಕ್ಕಿಂತ ನನಗೆ ಇಷ್ಟವಾಗಿದ್ದು ‘ಹಿಮ್‌ಸೆಲ್ಫ್.’ ಹೆಂಡತಿ ಗಂಡನನ್ನು ಹೆಸರಿಡಿದು ಕರೆಯುವ ಬದಲು ‘ಹಿಮ್‌ಸೆಲ್ಫ್ ಮನೇಲಿಲ್ಲ’ ಅನ್ನುತ್ತಾಳೆ. ನಮ್ಮ ‘ನಮ್ಮವರು’, ‘ನಮ್ಮನೆಯವರು’ ಇದ್ದ ಹಾಗೆ. ಪಕ್ಕದ ಮನೆಯ ಅಜ್ಜಿ, ಸತ್ತು ಹನ್ನೆರಡು ವರ್ಷವಾದ ಯಜಮಾನರನ್ನು ಈಗಲೂ ‘ಹಿಮ್‌ಸೆಲ್ಫ್’ ಅಂತಲೇ ಕರೆಯುತ್ತಿದ್ದರು. ಆ ಕುರ್ಚಿ ಹಿಮ್‌ಸೆಲ್ಫ್‌ನದು, ಅದರಲ್ಲಿ ಬೆಕ್ಕು ಬಿಟ್ಟು ಯಾರೂ ಕೂರುವುದಿಲ್ಲ.

ಇಂಗ್ಲಿಷ್ ಅವರಿಗೆ ಸುಮ್ಮನೆ ಬಂದದ್ದಲ್ಲ. 19ನೇ ಶತಮಾನದಲ್ಲಿ ಎಷ್ಟೋ ಕಡೆ ಮಕ್ಕಳ ಕೊರಳಿಗೆ ಒಂದು ಕೋಲು ಕಟ್ಟುತ್ತಿದ್ದರು. ಐರಿಷ್ ಮಾತಾಡಿದಾಗೆಲ್ಲ ಅದರ ಮೇಲೆ ಒಂದು ಕಚ್ಚು. ಸಂಜೆ ಕಚ್ಚು ಎಣಿಸಿ ಅಷ್ಟು ಏಟು. 1845ರಲ್ಲಿ ಆಲೂಗಡ್ಡೆಗೆ ರೋಗ ಬಿತ್ತು. ಮುಂದಿನ ಏಳೆಂಟು ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಅಷ್ಟೇ ಜನ ಹಡಗು ಹತ್ತಿದರು. ಜಾಸ್ತಿ ಪೆಟ್ಟು ಬಿದ್ದದ್ದು ಐರಿಷ್ ಮಾತಾಡುವ ಬಡವರಿಗೇ. 2022ರ ಜನಗಣತಿಯಲ್ಲಿ 18 ಲಕ್ಷಕ್ಕೂ ಜಾಸ್ತಿ ಜನ ಐರಿಷ್ ಬರುತ್ತದೆ ಅಂದಿದ್ದಾರೆ, ಶಾಲೆಯ ಹೊರಗೆ ದಿನವೂ ಮಾತಾಡುವವರು ಸುಮಾರು 72 ಸಾವಿರ. ಕನ್ನಡ ಮಾತಾಡಿದರೆ ದಂಡ ಹಾಕುವ ಇಂಗ್ಲಿಷ್ ಮೀಡಿಯಂ ಶಾಲೆಗಳು ನಮ್ಮಲ್ಲೂ ಇವೆ. ನನ್ನ ಪರಿಚಯದ ಮಗುವೇ ಐದು ರೂಪಾಯಿ ಕಟ್ಟಿ ಬಂದಿತ್ತು. ಕೋಲು ಹೋಗಿ ಕಾಸು ಬಂದಿದೆ ಅಷ್ಟೆ.

ಹೀಗೆ ಒಡೆಯನ ಭಾಷೆ ಬಾಯಿಗೆ ಬಂದಮೇಲೆ ಅವರು ಅದನ್ನು ಏನು ಮಾಡಿದರು ಅನ್ನುವುದೇ ಕತೆ. ಜಾನ್ ಮಿಲಿಂಗ್ಟನ್ ಸಿಂಗ್ ಅಂತ ಒಬ್ಬ ನಾಟಕಕಾರ. ಹೆಸರು ಕೇಳಿ ಪಂಜಾಬಿ ಅಂದುಕೊಳ್ಳಬೇಡಿ, ಡಬ್ಲಿನ್ ಹತ್ತಿರದವನು. ವಿಕ್ಲೋ ಸೀಮೆಯ ಹಳೇ ಮನೆಯೊಂದರಲ್ಲಿ ಉಳಿದಿದ್ದಾಗ ಅವನ ಕೋಣೆಯ ನೆಲದಲ್ಲಿ ಒಂದು ಬಿರುಕು ಇತ್ತಂತೆ. ಕೆಳಗಿನ ಅಡುಗೆಮನೆಯ ಕೆಲಸದ ಹುಡುಗಿಯರ ಮಾತು ಅದರಿಂದ ಕೇಳಿಸುತ್ತಿತ್ತು. ಯಾವ ಓದಿಗಿಂತಲೂ ಆ ಬಿರುಕಿನಿಂದ ನನಗೆ ಜಾಸ್ತಿ ಉಪಕಾರವಾಯಿತು ಅಂತ ಅವನೇ ಬರೆದುಕೊಂಡಿದ್ದಾನೆ. 1907ರಲ್ಲಿ ಅವನ ನಾಟಕ ಆಡಿದಾಗ ಡಬ್ಲಿನ್‌ನಲ್ಲಿ ಗಲಾಟೆಯೇ ಆಯಿತು. ಅದು ಬೇರೆ ಕತೆ.

ಜೇಮ್ಸ್ ಜಾಯ್ಸ್‌ನ ಕಾದಂಬರಿಯಲ್ಲಿ ಬರುವ ಲಾಳಿಕೆಯ ಪ್ರಸಂಗ ಇನ್ನೂ ಸೊಗಸು. ದೀಪಕ್ಕೆ ಎಣ್ಣೆ ಸುರಿಯುವ ಲಾಳಿಕೆಗೆ ಐರಿಷ್ ಹುಡುಗ ‘ಟಂಡಿಷ್’ ಅನ್ನುತ್ತಾನೆ. ಎದುರಿಗಿದ್ದ ಇಂಗ್ಲೆಂಡಿನ ಪಾದ್ರಿಗೆ ಆ ಪದವೇ ಗೊತ್ತಿಲ್ಲ, ಐರ್ಲೆಂಡಿನ ಹಳ್ಳಿ ಮಾತು ಅಂದುಕೊಳ್ಳುತ್ತಾನೆ. ಹುಡುಗನಿಗೆ ಅವಮಾನ. ಈ ಭಾಷೆ ನನ್ನದಾಗುವ ಮೊದಲು ಇವನದು ಅಂತ ಕೊರಗುತ್ತಾನೆ. ಆಮೇಲೆ ನಿಘಂಟು ತೆಗೆದು ನೋಡಿದರೆ ಟಂಡಿಷ್ ಅಚ್ಚ ಹಳೇ ಇಂಗ್ಲಿಷ್ ಪದ! ಮನೆಯ ಯಜಮಾನ ಕಳೆದುಕೊಂಡ ಪಾತ್ರೆ ಬಾಡಿಗೆದಾರನ ಅಟ್ಟದಲ್ಲಿ ಸಿಕ್ಕ ಹಾಗೆ.

ಐರಿಷ್‌ನಿಂದ ಇಂಗ್ಲಿಷಿಗೆ ಬಂದ ಬಿಡಿ ಪದಗಳು ನಿಜ ಹೇಳಬೇಕೆಂದರೆ ಜಾಸ್ತಿ ಇಲ್ಲ. ವಿಸ್ಕಿ ಅನ್ನುವುದು ‘ಇಶ್ಕ ಬಾಹ’ದಿಂದ ಬಂದದ್ದು, ಅಂದರೆ ಜೀವಜಲ. ಅಮೃತ ಅಂತಲೇ ಇಟ್ಟುಕೊಳ್ಳಿ, ನಮ್ಮೂರಲ್ಲೂ ಹಾಗೆ ತಿಳಿದವರಿದ್ದಾರೆ. ನುಚ್ಚುನೂರಾಗುವುದಕ್ಕೆ ‘ಸ್ಮಿದರೀನ್ಸ್.’ ಬೇಕಾದಷ್ಟು ಅನ್ನುವುದಕ್ಕೆ ‘ಗಲೋರ್.’ ಈ ಗಲೋರ್ ಒಂದು ತಮಾಷೆ ಪದ. ಇಂಗ್ಲಿಷಿನಲ್ಲಿ ವಿಶೇಷಣ ಮುಂದೆ, ನಾಮಪದ ಹಿಂದೆ ಅಂತ ಮೂವತ್ತೊಂದು ವರ್ಷ ಕಲಿಸಿದೆ. ಗಲೋರ್ ಮಾತ್ರ ಐರಿಷ್ ಮನೆಯಲ್ಲಿ ಇದ್ದ ಹಾಗೆಯೇ ನಾಮಪದದ ಹಿಂದೆಯೇ ನಿಲ್ಲುತ್ತದೆ. ಸೊಸೆಯಾಗಿ ಬಂದು ಇಷ್ಟು ವರ್ಷವಾದರೂ ತವರಿನ ಅಭ್ಯಾಸ ಬಿಟ್ಟಿಲ್ಲ.

ನಿಮ್ಮ ಪತ್ರಿಕೆಯಲ್ಲಿ ದಿನಾ ಬರುವ ಒಂದು ಪದವೂ ಅಲ್ಲಿಂದಲೇ ಬಂದದ್ದು: ಬಾಯ್ಕಾಟ್. ಇದು ಐರಿಷ್ ಪದವಲ್ಲ, ಒಬ್ಬ ಇಂಗ್ಲಿಷ್ ಮನುಷ್ಯನ ಹೆಸರು. ಕ್ಯಾಪ್ಟನ್ ಚಾರ್ಲ್ಸ್ ಬಾಯ್ಕಾಟ್, ಮೇಯೊ ಸೀಮೆಯಲ್ಲಿ ಲಾರ್ಡ್ ಅರ್ನ್ ಎಂಬ ಜಮೀನುದಾರನ ಏಜೆಂಟ್, ಗೇಣಿ ವಸೂಲಿ ಮಾಡುವವನು. 1880ರಲ್ಲಿ ಗೇಣಿದಾರರು ಗೇಣಿ ಇಳಿಸಿ ಅಂದರು, ಅವನು ಒಕ್ಕಲೆಬ್ಬಿಸಲು ಹೊರಟ. ನಮ್ಮದೇ ಜಿಲ್ಲೆಯ ಕಾಗೋಡಿನ ಗೇಣಿದಾರರ ಹೋರಾಟದ ಕತೆ ಕೇಳಿ ಬೆಳೆದ ನಮಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. ಊರವರು ಅವನ ಮೇಲೆ ಕೈ ಮಾಡಲಿಲ್ಲ. ಮಾತು ಬಿಟ್ಟರು. ಆಳುಗಳು ಗದ್ದೆಯಿಂದ ಎದ್ದು ಹೋದರು. ಅಂಗಡಿಯವನು ಸಾಮಾನು ಕೊಡಲಿಲ್ಲ. ಕೊನೆಗೆ ಅವನ ಬೆಳೆ ಕೀಳಲು ಉತ್ತರದ ಸೀಮೆಯಿಂದ 50 ಜನ ಬಂದರು, ಅವರ ಕಾವಲಿಗೆ ಸುಮಾರು ಸಾವಿರ ಜನ ಸೈನಿಕರು, ಪೊಲೀಸರು. ಸುಮಾರು 500 ಪೌಂಡಿನ ಬೆಳೆಗೆ ಆದ ಖರ್ಚು ಸುಮಾರು 10,000 ಪೌಂಡ್! ಒಂದೊಂದು ಟರ್ನಿಪ್ ಗೆಡ್ಡೆಗೂ ಒಂದೊಂದು ಶಿಲ್ಲಿಂಗ್ ಬಿತ್ತು ಅಂತ ಗೇಣಿದಾರರ ನಾಯಕ ಪಾರ್ನೆಲ್ ಗೇಲಿ ಮಾಡಿದ. ಡಿಸೆಂಬರ್ ಹೊತ್ತಿಗೆ ಕ್ಯಾಪ್ಟನ್ ಗಂಟುಮೂಟೆ ಕಟ್ಟಿದ.

ಪದ ಹುಟ್ಟಿದ ಬಗೆ ಕೇಳಿ. ಈ ಶಿಕ್ಷೆಗೆ ಏನು ಹೆಸರು ಅಂತ ಊರ ಪಾದ್ರಿ ಜಾನ್ ಓ ಮ್ಯಾಲಿಯೂ ಒಬ್ಬ ಅಮೆರಿಕನ್ ಪತ್ರಕರ್ತನೂ ಕೂತು ಯೋಚಿಸಿದರು. ಪತ್ರಕರ್ತನಿಗೆ ‘ಆಸ್ಟ್ರಸಿಸಮ್’, ಅಂದರೆ ಬಹಿಷ್ಕಾರ, ಅನ್ನುವ ದೊಡ್ಡ ಪದ ಹೊಳೆದಿತ್ತು. ಅದು ನಮ್ಮ ರೈತರಿಗೆ ಅರ್ಥವಾಗುವುದಿಲ್ಲ ಅಂದರು ಪಾದ್ರಿ. ‘ಅವನನ್ನು ಬಾಯ್ಕಾಟ್ ಮಾಡೋಣ’ ಅಂದರೆ ಹೇಗೆ? ಅಷ್ಟೇ. ಸಂಪಾದಕರೇ, ನಿಮ್ಮ ಉಪಸಂಪಾದಕರ ಕೋಣೆಯಲ್ಲಿ ಆ ಪಾದ್ರಿಯ ಫೋಟೋ ಹಾಕಿಸಿದರೆ ಒಳ್ಳೆಯದು. ಮೊನ್ನೆಯ ಸಂಪಾದಕೀಯದ ಮೂರನೇ ವಾಕ್ಯ ನನಗೆ ಎರಡು ಸಲ ಓದಿದರೂ ಅರ್ಥವಾಗಲಿಲ್ಲ.

ಹಾಸ್ಯದ ವಿಷಯ. ‘ಐರಿಷ್ ಹೋರಿ’ ಅಂತ ಅವರಲ್ಲಿ ಒಂದು ಮಾತಿನ ಬಗೆ ಇದೆ. ತನ್ನನ್ನು ತಾನೇ ಕಡಿದುಕೊಳ್ಳುವ ಮಾತು. 18ನೇ ಶತಮಾನದ ಸರ್ ಬಾಯ್ಲ್ ರೋಚ್ ಎಂಬ ಪಾರ್ಲಿಮೆಂಟ್ ಸದಸ್ಯನ ಹೆಸರಲ್ಲಿ ಇಂಥವು ಬೇಕಾದಷ್ಟು ಓಡಾಡುತ್ತವೆ. ‘ಮುಂದಿನ ಪೀಳಿಗೆಗಾಗಿ ನಾವು ಯಾಕೆ ಕಷ್ಟಪಡಬೇಕು? ಅವರು ನಮಗೆ ಏನು ಮಾಡಿದ್ದಾರೆ?’ ಅಂದನಂತೆ. ನಕ್ಕುಬಿಡುತ್ತೇವೆ, ಆಮೇಲೆ ನಮ್ಮ ಕೆರೆ, ಕಾಡು ನೋಡಿದರೆ ಆ ಮಾತನ್ನು ಪಾಲಿಸಿದವರು ಬೇರೆಯವರು ಅಂತ ಗೊತ್ತಾಗುತ್ತದೆ. ವೈಲ್ಡ್‌ಗೆ ಪಾಠ ಮಾಡಿದ ಮಹಾಫಿ ಎಂಬ ಪ್ರೊಫೆಸರನ್ನು ಯಾರೋ ಕೇಳಿದರಂತೆ, ಐರಿಷ್ ಹೋರಿಗೂ ಬೇರೆ ಹೋರಿಗೂ ಏನು ವ್ಯತ್ಯಾಸ ಅಂತ. ‘ಐರಿಷ್ ಹೋರಿ ಯಾವಾಗಲೂ ಗಬ್ಬ’ ಅಂದರು ಅವರು.

ಸ್ವಿಫ್ಟ್‌ನ ನಗೆ ಬೇರೆ ಥರ, ಅದಕ್ಕೆ ಹಲ್ಲಿದೆ. ಬಡವರ ಮಕ್ಕಳನ್ನು ಒಂದು ವರ್ಷ ತುಂಬಿದ ಮೇಲೆ ಶ್ರೀಮಂತರ ಊಟಕ್ಕೆ ಮಾರಿದರೆ ಬಡತನ ಪರಿಹಾರವಾಗುತ್ತದೆ ಅಂತ 1729ರಲ್ಲಿ ಲೆಕ್ಕ ಸಮೇತ ಬರೆದ. ಹೈಸ್ಕೂಲಿನಲ್ಲಿ ಅದನ್ನು ಓದಿ ಹೇಳುವ ಧೈರ್ಯ ನನಗೆ ಬರಲಿಲ್ಲ. ಸಾಯುವಾಗ ತನ್ನ ಆಸ್ತಿಯನ್ನು ಡಬ್ಲಿನ್‌ನಲ್ಲಿ ಹುಚ್ಚರಿಗೆ ಒಂದು ಆಸ್ಪತ್ರೆ ಕಟ್ಟಿಸಲು ಬಿಟ್ಟ. ಇದರ ಅಗತ್ಯ ಇಷ್ಟು ಇರುವ ದೇಶ ಇನ್ನೊಂದಿಲ್ಲ ಅಂತ ಪದ್ಯ ಬೇರೆ ಬರೆದಿಟ್ಟಿದ್ದ.

ಬೀದಿಯ ಹಾಸ್ಯ ಬೇಕಾದರೆ ಕಾರ್ಕ್‌ಗೆ ಹೋಗಬೇಕು. ಅಲ್ಲಿ ಯಾರಾದರೂ ‘ಐ ವಿಲ್, ಯಾ’ ಅಂದರೆ ‘ಖಂಡಿತ ಮಾಡುವುದಿಲ್ಲ’ ಅಂತ ಅರ್ಥ. ಇದು ಗೊತ್ತಿಲ್ಲದೆ, ಬೇಲಿ ರಿಪೇರಿಗೆ ಬರುತ್ತೀಯಾ ಅಂತ ಕೇಳಿದ್ದಕ್ಕೆ ‘ಐ ವಿಲ್, ಯಾ’ ಅಂದ ಹುಡುಗನಿಗಾಗಿ ನಾನು ಮೂರು ದಿನ ಕಾದಿದ್ದೇನೆ. ನಮ್ಮ ‘ಹೂಂ, ಮಾಡ್ತೀನಿ ತಡಿ’ಯ ಅಣ್ಣ ಅದು.

ಕವಿತೆಯ ಬಗ್ಗೆ ಉದ್ದ ಬರೆಯಲು ನಾನು ವಿಮರ್ಶಕಿಯಲ್ಲ. ಹೀನಿ ಹೇಳಿದ ಒಂದು ಸಂಗತಿ ಮಾತ್ರ ಹೇಳುತ್ತೇನೆ. ಇಂಗ್ಲಿಷಿನ ಅತಿ ಹಳೆಯ ದೊಡ್ಡ ಕಾವ್ಯ ಬಿಯೋವುಲ್ಫ್ ಅನ್ನು ಅವರು ಹೊಸ ಇಂಗ್ಲಿಷಿಗೆ ತಂದರು, 1999ರಲ್ಲಿ ಅದು ಅಚ್ಚಾಯಿತು. ಇದು ಇಂಗ್ಲಿಷರ ಆಸ್ತಿ, ನನಗೆ ಇದರಲ್ಲಿ ಏನು ಹಕ್ಕು ಅನ್ನುವ ಅಳುಕು ಅವರಿಗಿತ್ತು. ಒಂದು ದಿನ ಪದಕೋಶದಲ್ಲಿ ‘ತೋಲಿಯನ್’ ಅನ್ನುವ ಹಳೇ ಪದ ಕಂಡಿತು. ಸಹಿಸಿಕೊಳ್ಳುವುದು ಅಂತ ಅರ್ಥ. ತಟ್ಟನೆ ಅವರ ಸೋದರತ್ತೆ ನೆನಪಾದರು. ಊರಲ್ಲಿ ಯಾರ ಮನೆಯಲ್ಲಾದರೂ ಅಚಾನಕ್ ಸಾವಾದರೆ ಅತ್ತೆ ಹೇಳುತ್ತಿದ್ದರಂತೆ: ‘ಏನು ಮಾಡೋದು, ತೋಲ್ ಮಾಡೋದು ಕಲೀಬೇಕು.’ ಇಂಗ್ಲೆಂಡಿನ ಬಾಯಲ್ಲಿ ಹೆಚ್ಚುಕಮ್ಮಿ ಮರೆಯಾದ ಪದ ಹೀನಿ ಬೆಳೆದ ಡೆರಿ ಸೀಮೆಯ ಹೊಲಮನೆಯಲ್ಲಿ ಬದುಕಿತ್ತು. ಹಕ್ಕುಪತ್ರ ಸಿಕ್ಕ ಹಾಗಾಯಿತು. ತೋಲ್ ಅಂದರೆ ನಮ್ಮ ‘ತಾಳು.’ ಧ್ವನಿ ಹತ್ತಿರ ಬಂತು ಅಂತ ಯಾರೂ ಸಂಬಂಧ ಕಟ್ಟಬೇಡಿ, ಅದು ಬರೀ ಕಾಕತಾಳೀಯ. ಆದರೂ ಡೈರಿಯಲ್ಲಿ ಅದರ ಪಕ್ಕ ‘ತಾಳಿದವನು ಬಾಳಿಯಾನು’ ಅಂತ ಬರೆದುಕೊಂಡಿದ್ದೇನೆ.

ಯೇಟ್ಸ್ ಬಗ್ಗೆ ಒಂದು ಪ್ರಸಿದ್ಧ ಕತೆ ಇದೆ. 1923ರಲ್ಲಿ ನೊಬೆಲ್ ಬಂತು ಅಂತ ಪತ್ರಿಕೆಯವರೊಬ್ಬರು ಫೋನ್ ಮಾಡಿ, ಎಂಥ ಗೌರವ, ಎಂಥ ಗೌರವ ಅಂತ ಶುರು ಮಾಡಿದರಂತೆ. ಯೇಟ್ಸ್ ನಡುವೆ ಬಾಯಿ ಹಾಕಿ ‘ದುಡ್ಡು ಎಷ್ಟಪ್ಪಾ?’ ಅಂದರಂತೆ. ಕನಸಿನ ಮೇಲೆ ಮೆಲ್ಲಗೆ ಕಾಲಿಡು ಅಂತ ಬರೆದವರು ಇವರೇ!

ಇನ್ನೊಂದು ವಿಷಯ, ಇದು ನಮ್ಮೂರಿಗೇ ಸೇರಿದ್ದು. ಯೇಟ್ಸ್ ಬಳಗದಲ್ಲಿ ಬೆಲ್‌ಫಾಸ್ಟಿನ ಜೇಮ್ಸ್ ಕಸಿನ್ಸ್ ಅಂತ ಒಬ್ಬ ಕವಿ ಇದ್ದರು. 1904ರಲ್ಲಿ ಮನೆ ಇಲ್ಲದ ಜಾಯ್ಸ್ ಕೆಲವು ದಿನ ಇವರ ಮನೆಯಲ್ಲೇ ಇದ್ದ. 1915ರಲ್ಲಿ ಕಸಿನ್ಸ್ ಹೆಂಡತಿ ಮಾರ್ಗರೆಟ್ ಜೊತೆ ಭಾರತಕ್ಕೆ ಬಂದರು. 1924ರಲ್ಲಿ ಮೈಸೂರಿಗೆ ಬಂದಾಗ ನಮ್ಮ ಕುಪ್ಪಳಿಯ ಹುಡುಗ ಪುಟ್ಟಪ್ಪ, ಅಂದರೆ ಕುವೆಂಪು, ತಾನು ಬರೆದ ಇಂಗ್ಲಿಷ್ ಕವಿತೆಗಳನ್ನು ಹಿಡಿದುಕೊಂಡು ಅವರ ಬಳಿ ಹೋದರು. ಎರಡು ವರ್ಷದ ಹಿಂದೆಯಷ್ಟೇ ಅವರ ಇಂಗ್ಲಿಷ್ ಕವಿತೆಗಳ ಪುಟ್ಟ ಪುಸ್ತಕ ಬಂದಿತ್ತು. ನೋಡಿದ ಕಸಿನ್ಸ್ ನಿಮ್ಮ ಭಾಷೆಯಲ್ಲಿ ಏನಾದರೂ ಬರೆದಿದ್ದೀರಾ, ಅದರಲ್ಲಿ ಬರೆಯಿರಿ ಅಂದರು. ಹುಡುಗನಿಗೆ ಮೊದಲು ಸಿಟ್ಟೇ ಬಂತು. ಆಮೇಲೆ ಏನಾಯಿತು ಅಂತ ಕನ್ನಡಿಗರಿಗೆ ನಾನು ಹೇಳಬೇಕಾ? ಇದನ್ನು ಹೇಳಿದವರು ಇಂಗ್ಲೆಂಡಿನವರಲ್ಲ. ಸ್ವಂತ ಭಾಷೆ ಕೈಜಾರಿದ ಊರಿನವರು. ಪಕ್ಕದ ಮನೆಯ ಅಜ್ಜಿಗೆ ಈ ಕತೆ ಹೇಳಿದಾಗ ಆಕೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ‘ಬೆಲ್‌ಫಾಸ್ಟಿನವರೂ ಒಮ್ಮೊಮ್ಮೆ ಸರಿಯಾದ ಮಾತು ಹೇಳುತ್ತಾರೆ’ ಅಂದರು. ಕಾರ್ಕಿನವರು ಅದಕ್ಕಿಂತ ಜಾಸ್ತಿ ಹೊಗಳುವುದಿಲ್ಲ.

ಈಗ ಕೆಲಸದ ಮಾತು. ಮುಂದಿನ ಭಾನುವಾರ ಪುರವಣಿಯ ಮೂಲೆಯಲ್ಲಿ ಎರಡೇ ಎರಡು ಸಾಲು: ಯೇಟ್ಸ್ ಮತ್ತು ಹೀನಿ ಐರಿಷ್ ಕವಿಗಳು, ತಪ್ಪಿಗೆ ವಿಷಾದಿಸುತ್ತೇವೆ ಅಂತ. ಫೋಟೋ ಬೇಕಾಗಿಲ್ಲ. ಅದನ್ನು ಕತ್ತರಿಸಿ ಕಾರ್ಕ್‌ಗೆ ಕಳಿಸುತ್ತೇನೆ ಅಂತ ಮಾತು ಕೊಟ್ಟಿದ್ದೇನೆ. ಹಾಕುತ್ತೀರಿ ತಾನೇ? ‘ಹಾಕ್ತೀವಿ, ಹಾಕ್ತೀವಿ’ ಅಂತ ಫೋನಲ್ಲಿ ಹೇಳಿ ಸುಮ್ಮನಾಗಬೇಡಿ. ಕಾರ್ಕ್‌ನಲ್ಲಿ ಅದರ ಅರ್ಥ ಏನು ಅಂತ ಮೇಲೆಯೇ ಬರೆದಿದ್ದೇನೆ.

ಇಂತಿ,
ನಿವೃತ್ತ ಇಂಗ್ಲಿಷ್ ಶಿಕ್ಷಕಿ,
ತೀರ್ಥಹಳ್ಳಿ